ನೆಲಮಾಳಿಗೆಯ ಒದ್ದೆ ಗೋಣಿ

"ಒದ್ದೆ ಇದೆ! ಇದು ಒದ್ದೆ ಇದೆ!"

ಹಲ್ಲಿನ ಡಾಕ್ಟರಮ್ಮ ಕೂಗಿದ ಕೂಗಿಗೆ ನೆಲಮಾಳಿಗೆಯ ಕಮಾನುಗಳೆಲ್ಲ ಸೇರಿ ಒದ್ದೆ, ಒದ್ದೆ ಎಂದು ತಿರುಗಿ ಹೇಳಿದವು. ಮೆಟ್ಟಿಲ ಮೇಲೆ ನಿಂತಿದ್ದ ಇನ್ಸ್‌ಪೆಕ್ಟರ್ ಎಡಗೆನ್ನೆ ಹಿಡಿದುಕೊಂಡೇ ಬಗ್ಗಿ ನೋಡಿದ.

"ನೆಲಮಾಳಿಗೆ ಅಂದ್ಮೇಲೆ ಒದ್ದೆ ಇರದೆ ಇನ್ನೇನಿರುತ್ತೆ ಡಾಕ್ಟ್ರೇ?"

"ಗೋಡೆ ಅಲ್ಲ ಇನ್ಸ್‌ಪೆಕ್ಟ್ರೇ, ಗೋಣಿ! ಗೋಡೆ ಮುಂದೆ ಗೋಣಿಚೀಲ ಇಳಿಬಿಟ್ಟಿದಾರೆ, ಅದು ಒದ್ದೆ ಇದೆ. ಅಲ್ಲೇ ನಿಂತು ಪ್ರಶ್ನೆ ಕೇಳ್ಬೇಡಿ, ಇಳಿದು ಬನ್ನಿ."

ಅವನು ಇಳಿದ. ಇಳಿಯದೆ ಗತಿಯಿರಲಿಲ್ಲ. ಊರಿನಲ್ಲಿ ಪಿಸ್ತೂಲಿಗೆ ಹೆದರದ ಈ ಮನುಷ್ಯ ಡಾಕ್ಟರಮ್ಮನ ಕುರ್ಚಿಗೆ ಹೆದರುತ್ತಿದ್ದ, ಮತ್ತು ಅವನ ಎಡದವಡೆಯ ಹಲ್ಲೊಂದನ್ನು ಅವಳು ಅರ್ಧ ಕೊರೆದು ಬಿಟ್ಟಿದ್ದಳು, ಉಳಿದರ್ಧ ಕೆಲಸ ಅವಳ ಕೈಯಲ್ಲಿತ್ತು.

ಬಂಗಲೆಯ ನೀರಿನ ಮಂಟಪದಿಂದ ಕಂಚಿನ ಸಿಂಹಮುಖ ಮಾಯವಾಗಿ, ಬಂಗಲೆಯ ಕಾವಲಿನ ಹೊಣೆ ಹೊತ್ತ ಅವಳ ಭಾವ ನಿನ್ನೆ ಸಂಜೆಯಿಂದ ಠಾಣೆಯಲ್ಲಿದ್ದರು. ಇವತ್ತು ಸಂಜೆ ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಅವರು ಒಳಗೆ ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಬಂಗಲೆಯ ಹಿಂದಿನ ಇಳಿಜಾರಿಗೆ ಅಂಟಿಕೊಂಡಿರುವ ಆ ಪುಟ್ಟ ಮನೆಯೂ ಹೋಯಿತು, ಅಕ್ಕ ಬೀದಿಗೆ ಬಂದಳು. ಡಾಕ್ಟರಮ್ಮ ನಿನ್ನೆ ಠಾಣೆಗೆ ಹೋಗಿ ಭಾವನ ಕೈಕಾಲು ಹಿಡಿದು ಕೇಳಿದ್ದಳು. ಅವರು ತುಟಿ ಪಿಟಕ್ಕೆನ್ನಲಿಲ್ಲ. ಜೀವಮಾನವಿಡೀ ಊರವರ ಬಾಯಿ ತೆಗೆಸಿದವಳಿಗೆ ಮನೆಯವರ ಬಾಯಿ ತೆಗೆಸಲಾಗಲಿಲ್ಲ.

"ಬೇಲಿನೇ ಎದ್ದು ಹೊಲ ಮೇಯ್ದಿದೆ ಮೇಡಂ," ಎಂದಿದ್ದ ಇನ್ಸ್‌ಪೆಕ್ಟರ್. "ಮಂಟಪಕ್ಕೆ ಇರೋದು ಒಂದೇ ಬೀಗ, ಒಂದೇ ಕೀಲಿ. ಅದು ನಿಮ್ಮ ಭಾವನ ಸೊಂಟದಲ್ಲಿತ್ತು."

ಈಗ ಅದು ಇನ್ಸ್‌ಪೆಕ್ಟರನ ಸೊಂಟದಲ್ಲಿತ್ತು, ಇಡೀ ಗೊಂಚಲು ಸಮೇತ. ಭಾವ ಬರುವ ಮೊದಲೇ ಆ ಗೊಂಚಲಿನ ಸದ್ದು ಬರುತ್ತಿತ್ತು. ಗಂಟೆ ಕಟ್ಟಿದ ಎತ್ತು ಬಂತು ಎಂದು ಅಕ್ಕ ಗೇಲಿ ಮಾಡುತ್ತಿದ್ದಳು. ಈಗ ಬೇರೆಯವನು ಹೆಜ್ಜೆ ಇಟ್ಟಾಗೆಲ್ಲ ಅದು ಝಣಗುಟ್ಟುತ್ತಿತ್ತು, ಡಾಕ್ಟರಮ್ಮ ಪ್ರತಿ ಸಲವೂ ಭಾವನೇ ಬಂದರೆಂದು ತಿರುಗಿ ನೋಡುತ್ತಿದ್ದಳು.

"ನೋಡಿ," ಎಂದು ಅವಳು ಟಾರ್ಚ್ ಹಿಡಿದಳು. "ಈ ನೆಲಮಾಳಿಗೆಯಲ್ಲಿ ನಮ್ಮ ಬಳಗದವರು ಇನ್ನೂ ಕೈ ಹಚ್ಚಿಲ್ಲ. ಮುಂದಿನ ವರ್ಷದ ಕೆಲಸ ಇದು. ಹಾಗಿರುವಾಗ ಇಲ್ಲಿ ಗೋಣಿ ಯಾಕೆ ಬಂತು?"

ಬಳಗ ಎಂದರೆ ಭಾನುವಾರದ ಬಳಗ. ವಾರವಿಡೀ ತಂತಮ್ಮ ಹೊಟ್ಟೆಪಾಡು ನೋಡಿಕೊಂಡು, ಭಾನುವಾರ ಬಂದು ಈ ಹಳೇ ಬಂಗಲೆಯ ಗೋಡೆ, ಕೊಳ, ತೋಟದ ಕಲ್ಲುಕಟ್ಟೆಗಳನ್ನು ಬಿಟ್ಟಿಯಾಗಿ ಉಳಿಸುವ ಹುಚ್ಚರ ಗುಂಪು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇಲ್ಲಿ ಕೈ ಕೆಸರಾದರೆ ಬಾಯಿಗೆ ಬರೀ ಟೀ. ಆದರೂ ಡಾಕ್ಟರಮ್ಮ ಒಂದು ಭಾನುವಾರವನ್ನೂ ತಪ್ಪಿಸಿದವಳಲ್ಲ. ಹಲ್ಲು ಕೆದಕುವ ಕೊಕ್ಕೆಯಿಂದ ಅವಳು ಗಾರೆಯ ಹೂಬಳ್ಳಿಗಳ ಸಂದಿಯ ಕೊಳೆ ತೆಗೆಯುತ್ತಿದ್ದಳು. ಹೂವುಗಳು ಹಲ್ಲುಗಳಿಗಿಂತ ವಾಸಿ, ಕೈ ಕಚ್ಚುವುದಿಲ್ಲ ಎನ್ನುತ್ತಿದ್ದಳು.

ಅವಳು ಗೋಣಿಯನ್ನು ಪಕ್ಕಕ್ಕೆ ಸರಿಸಿದಳು. ಹಿಂದೆ ಎದೆಯೆತ್ತರದಲ್ಲಿ ಒಂದು ಹೊಸ ತೇಪೆ. ಹಳೇ ಕಾಲದಲ್ಲಿ ದೀಪ ಇಡುತ್ತಿದ್ದ ಗೂಡೊಂದನ್ನು ಯಾರೋ ಇಟ್ಟಿಗೆ ಇಟ್ಟು, ಸುಣ್ಣದ ಗಾರೆ ಮೆತ್ತಿ ಮುಚ್ಚಿದ್ದರು.

ಜೇಬಿನಿಂದ ಕೊಕ್ಕೆ ತೆಗೆದು ತೇಪೆಗೆ ಒತ್ತಿದಳು. ತುದಿ ಮೆಲ್ಲಗೆ ಒಳಗಿಳಿಯಿತು. ಹುಳುಕು ಹಲ್ಲಿನಲ್ಲಿ ಇಳಿದ ಹಾಗೆಯೇ.

"ಇನ್ನೂ ಹಸಿ. ಈ ವಾರದ್ದೇ. ಸಿಂಹಮುಖ ಎಷ್ಟು ದೊಡ್ಡದು? ದೊಡ್ಡ ಕುಂಬಳಕಾಯಿಯಷ್ಟು. ಈ ಗೂಡು ಎಷ್ಟು ದೊಡ್ಡದು?"

ಇನ್ಸ್‌ಪೆಕ್ಟರನ ಕೈ ಕೆನ್ನೆಯಿಂದ ಕೆಳಗಿಳಿಯಿತು. "ಅಂದ್ರೆ ಸಿಂಹ ಆಚೆಗೇ ಹೋಗಿಲ್ಲ?"

"ಹೋಗಿಲ್ಲ! ಗೇಟಿನಲ್ಲಿ ತಪಾಸಣೆ ತಣ್ಣಗಾಗಲಿ ಅಂತ ಇಲ್ಲೇ ಹೂತಿಟ್ಟಿದಾನೆ. ಈಗ ಮುಖ್ಯವಾದ ಮಾತು ಕೇಳಿ. ಸುಣ್ಣದ ಗಾರೆ ಸಿಮೆಂಟ್ ಥರ ಅಲ್ಲ, ತುಂಬಾ ನಾಜೂಕು. ಬೇಗ ಒಣಗಿದ್ರೆ ಬಿರುಕು ಬಿಡುತ್ತೆ. ಅದಕ್ಕೆ ಒದ್ದೆ ಗೋಣಿ ಮರೆ ಕಟ್ಟಿ, ಬೆಳಗ್ಗೆ ಸಂಜೆ ನೀರು ಚಿಮುಕಿಸ್ತಾ ಇರ್ಬೇಕು, ಬಾಣಂತಿ ನೋಡ್ಕೊಂಡ ಹಾಗೆ. ಆ ಕಿಂಡಿಯಿಂದ ಬೀಸೋ ಗಾಳಿ ನೋಡಿ, ನಿನ್ನೆ ಹಾಕಿದ ನೀರು ಇವತ್ತಿಗೆ ಇರೋದಿಲ್ಲ. ಇದರಿಂದ ಈಗಲೂ ತೊಟ್ಟಿಕ್ತಾ ಇದೆ. ಇವತ್ತು ಬೆಳಗ್ಗೆ ಯಾರೋ ನೀರು ಹಾಕಿದಾರೆ. ಬೆಳಗ್ಗೆ ನಮ್ಮ ಭಾವ ಎಲ್ಲಿದ್ರು?"

"ನನ್ನ ಲಾಕಪ್ಪಲ್ಲಿ," ಎಂದ ಇನ್ಸ್‌ಪೆಕ್ಟರ್. ಆಮೇಲೆ ಸುಧಾರಿಸಿಕೊಂಡು, "ಜೊತೆಗಾರ ಇರಬಹುದಲ್ಲ?" ಎಂದ.

"ಇದ್ರೆ ಅವನನ್ನೇ ಹಿಡಿಯೋಣ, ಬನ್ನಿ! ಭಾವನ್ನ ಬಿಡಿಸೋದು ಅವನ ಬಾಯಿಂದಲೇ ಆಗುತ್ತೆ."

ಅವಳಿಗೆ ಕುಣಿಯುವಷ್ಟು ಖುಷಿಯಾಗಿತ್ತು. ಬೆಳಗ್ಗೆ ಅಕ್ಕ ಏನಂದಿದ್ದಳು? "ನೀನು ಇದಕ್ಕೆಲ್ಲ ತಲೆ ಹಾಕ್ಬೇಡ ಕಣೇ. ಮಧ್ಯಾಹ್ನದ ಬಸ್ಸಿಗೆ ಮನೆಗೆ ಹೋಗ್ಬಿಡು." ಪಾಪ, ದುಃಖದಲ್ಲಿ ಮಾತು ಒರಟಾಗಿತ್ತು. ಟೀಗೆ ಸಕ್ಕರೆ ತರಲು ಅಕ್ಕನ ಉಗ್ರಾಣಕ್ಕೆ ಹೋದ ತಾನು ಕಿಟಕಿ ಮುಚ್ಚಿದ್ದ ಕತ್ತಲಲ್ಲಿ ಮರದ ಬೀರುವಿಗೆ ಮೊಣಕೈ ಬಡಿದುಕೊಂಡಾಗಲೂ ಅಕ್ಕ ಓಡಿಬಂದು ನೋವಾಯಿತೇ ಎಂದು ಕೇಳದೆ, ಅಲ್ಲಿಗ್ಯಾಕೆ ಹೋದೆ ಎಂದು ಗದರಿದ್ದಳು. ಕಿಟಕಿಯ ಪಕ್ಕ ಇರುತ್ತಿದ್ದ ಬೀರುವನ್ನು ಇವರು ಎದುರುಗೋಡೆಗೆ ಯಾವಾಗ ಸರಿಸಿದರೋ. ಮೊಣಕೈ ಇನ್ನೂ ಜುಮುಗುಡುತ್ತಿತ್ತು.

"ಗಾರೆ ಕೆಲಸ ಬರೋದು ಯಾರ್ಯಾರಿಗೆ?" ಇನ್ಸ್‌ಪೆಕ್ಟರ್ ಕೇಳಿದ.

"ನನಗೆ. ನಾನಂತೂ ಅಲ್ಲ. ಕಂಡಕ್ಟರ್‌ಗೆ, ಫೋಟೋದವನಿಗೆ, ಮತ್ತೆ ನಮಗೆಲ್ಲ ಕಲಿಸಿದ ಗಾರೆ ಮೇಷ್ಟ್ರಿಗೆ."

ಹೇಳುತ್ತಲೇ ಅವಳ ಟಾರ್ಚು ಗೋಣಿಯ ಮೇಲಂಚಿನಲ್ಲಿ ನಿಂತಿತು. ಗೋಣಿಯನ್ನು ಗೋಡೆಗೆ ಮೊಳೆ ಹೊಡೆದಿರಲಿಲ್ಲ. ಒಂದು ಕೋಲಿಗೆ ಸುತ್ತಿ, ಗೋಡೆಯಿಂದ ಬೆರಳಷ್ಟು ದೂರದಲ್ಲಿ, ತೇಪೆಗೆ ತಾಗದ ಹಾಗೆ ಇಳಿಬಿಟ್ಟಿದ್ದರು. ತೇಪೆಯ ಮೇಲೆ ಗೋಣಿಯ ನೇಯ್ಗೆಯ ಒಂದು ಗುರುತೂ ಬಿದ್ದಿರಲಿಲ್ಲ.

ಡಾಕ್ಟರಮ್ಮನ ಉತ್ಸಾಹಕ್ಕೆ ಯಾರೋ ತಣ್ಣೀರೆರಚಿದಂತಾಯಿತು. ಗೋಣಿ ಗಾರೆಗೆ ತಾಗಬಾರದು ಎಂದು ಬಳಗದವರಿಗೆ ಗಂಟಲು ಹರಿದುಕೊಂಡು ಹೇಳಿದವರು ಒಬ್ಬರು. ಅದನ್ನು ಪಾಲಿಸಿದವರೂ ಅವರೊಬ್ಬರೇ. ಉಳಿದವರೆಲ್ಲ, ಅವಳೂ ಸೇರಿ, ಯಾರು ಕೋಲು ಹುಡುಕುತ್ತಾರೆಂದು ಗೋಣಿಯನ್ನು ಗೋಡೆಗೇ ಮೆತ್ತಿ ಬೈಸಿಕೊಳ್ಳುತ್ತಿದ್ದರು.

"ಏನಾಯ್ತು ಡಾಕ್ಟ್ರೇ?"

"ಏನಿಲ್ಲ. ಮೇಲೆ ಹೋಗೋಣ. ನೀವು ಮಾತಾಡ್ಬೇಡಿ, ಹಲ್ಲುನೋವು ಅಂತ ಸುಮ್ನಿರಿ. ಸುಳ್ಳೇನಲ್ಲವಲ್ಲ."

* * *

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ತೋಟದ ಬಿದ್ದ ಗೋಡೆಯ ಹತ್ತಿರ ಕೆಲಸ ನಡೆದಿತ್ತು. ಮಾಜಿ ಬಸ್ ಕಂಡಕ್ಟರ್ ಕಲ್ಲುಗಳನ್ನು ಹೊರುವವರಿಗೆ "ಮುಂದೆ ಹೋಗಿ, ಮುಂದೆ ಜಾಗ ಇದೆ" ಎಂದು ಕೂಗುತ್ತಿದ್ದರು. ಫೋಟೋದವನು ಗೋಡೆಯ ಚಿತ್ರ ತೆಗೆಯುವ ನೆಪದಲ್ಲಿ ಕೆಲಸ ತಪ್ಪಿಸಿಕೊಳ್ಳುತ್ತಿದ್ದ. ಅವನ ಪ್ಯಾಂಟಿನ ಮಡಿಕೆಯೆಲ್ಲ ಒದ್ದೆ. ಇನ್ಸ್‌ಪೆಕ್ಟರ್ ಅದನ್ನು ನೋಡಿ ಡಾಕ್ಟರಮ್ಮನ ಕಡೆ ಹುಬ್ಬು ಹಾರಿಸಿದ.

"ಕೊಳಕ್ಕೆ ಬಿದ್ದ," ಎಂದಳು ಅವಳು ಮೆಲ್ಲಗೆ. "ಪ್ರತಿ ವಾರ ಬೀಳ್ತಾನೆ. ಹಿಂದೆ ನೋಡದೆ ಹಿಂದೆ ಹೆಜ್ಜೆ ಇಡ್ತಾನೆ."

ಗಾರೆ ಮೇಷ್ಟ್ರು ನೆರಳಲ್ಲಿ ಕೂತು ಸುಣ್ಣ ಮತ್ತು ಮರಳನ್ನು ಕರಣೆಯಿಂದ ಮಿದಿಯುತ್ತಿದ್ದರು. ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾಗಿ, ಭಾನುವಾರವಷ್ಟೇ ಅಲ್ಲ, ದಿನವೂ ಬಂಗಲೆಗೆ ಬರುವವರು. ಸಣಕಲು ಮೈ, ದೊಡ್ಡ ಟೋಪಿ, ಬಾಯಿ ತುಂಬ ಬೈಗುಳ, ಮನಸ್ಸು ಬೆಣ್ಣೆ. ಅವಳಿಗೆ ಮೊದಲ ಸಲ ಕರಣೆ ಹಿಡಿಯಲು ಕಲಿಸಿದವರು. ಅವರ ಮುಂದೆ ನಿಂತಾಗ ಡಾಕ್ಟರಮ್ಮನಿಗೆ ಎಲ್ಲ ಬಿಟ್ಟು ಮನೆಗೆ ಹೋಗಿಬಿಡೋಣ ಅನ್ನಿಸಿತು. ಆದರೆ ಭಾವನ ಸಪ್ಪೆ ಮುಖ ಕಣ್ಣೆದುರು ಬಂತು.

"ಮೇಷ್ಟ್ರೇ, ನಮ್ಮವರಲ್ಲಿ ಯಾರೋ ನೆಲಮಾಳಿಗೆಯಲ್ಲಿ ತೇಪೆ ಹಾಕಿದಾರೆ ನೋಡಿದ್ರಾ? ಥೂ, ನಾಚಿಕೆಗೇಡು ಕೆಲಸ."

ಕರಣೆ ಒಂದು ಕ್ಷಣ ನಿಂತು ಮತ್ತೆ ಆಡಿತು. "ನೆಲಮಾಳಿಗೆಯಲ್ಲಾ? ನನಗೆ ಗೊತ್ತಿಲ್ಲಮ್ಮ."

"ಯಾರೋ ಕಲಿಯದೋರ ಕೈಚಳಕ. ಗಾರೆ ಸರಿಯಾಗಿ ಒತ್ತಿಲ್ಲ, ಅಂಚು ಕೂಡಿಲ್ಲ."

"ಹೌದಾ," ಎಂದರು ಮೇಷ್ಟ್ರು. ಅವರ ಕಿವಿ ಕೆಂಪಾಗತೊಡಗಿತು.

"ಮೇಲಿಂದ ಕೆಳಗಿನವರೆಗೂ ಬಿರುಕು ಬಿಟ್ಟಿದೆ! ಕೈ ಇಟ್ರೆ ಉದುರುತ್ತೆ."

"ಬಿರುಕು ಬಿಡೋಕೆ ಸಾಧ್ಯವೇ ಇಲ್ಲ!" ಮೇಷ್ಟ್ರು ಕರಣೆ ಎಸೆದು ಎದ್ದುನಿಂತರು. "ಮರಳು ಮೂರು ಸಲ ಜರಡಿ ಹಿಡಿದಿದೀನಿ! ಇವತ್ತು ಬೆಳಗ್ಗೆ ತಾನೇ ನೀರು..."

ಅಲ್ಲಿಗೆ ನಾಲಿಗೆ ಕಚ್ಚಿಕೊಂಡರು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಲೋಕ ಕಂಡಿದೆ. ಇವರು ಕಳ್ಳ ಅಂದಿದ್ದರೆ ಸುಮ್ಮನಿರುತ್ತಿದ್ದರೋ ಏನೋ, ಕೆಲಸ ಕೆಟ್ಟಿದೆ ಅಂದದ್ದನ್ನು ತಡೆಯಲಾರದೆ ಹೋದರು.

ಕಂಡಕ್ಟರ್ ಬಾಯಿ ತೆರೆದುಕೊಂಡೇ ನಿಂತರು. ಫೋಟೋದವನು ಹಿಂದೆ ಹೆಜ್ಜೆ ಇಟ್ಟ, ಅದೃಷ್ಟಕ್ಕೆ ಅಲ್ಲಿ ಕೊಳ ಇರಲಿಲ್ಲ.

"ಯಾಕೆ ಮೇಷ್ಟ್ರೇ?" ಎಂದಳು ಡಾಕ್ಟರಮ್ಮ. "ನಮ್ಮ ಭಾವ ಒಳಗಿದಾರೆ. ನಿಮ್ಮ ಜೊತೆ ದಿನಾ ಕೂತು ಟೀ ಕುಡಿಯೋರು. ಅವರ ತಲೆಗೆ ಕಟ್ಟಿ ನೀವು ಇಲ್ಲಿ ಗಾರೆ ಕಲಸ್ತಾ ಕೂತಿದೀರಲ್ಲ!"

ಮೇಷ್ಟ್ರು ಟೋಪಿ ತೆಗೆದರು. "ಕದ್ದಿಲ್ಲ ಕಣಮ್ಮ. ಬಚ್ಚಿಟ್ಟಿದೀನಿ."

"ಎರಡಕ್ಕೂ ಕಾನೂನಲ್ಲಿ ಏನ್ ವ್ಯತ್ಯಾಸ?" ಎಂದ ಇನ್ಸ್‌ಪೆಕ್ಟರ್, ಹಲ್ಲುನೋವು ಮರೆತು.

"ನನ್ನ ಮನಸ್ಸಲ್ಲಿ ಇದೆ ಸ್ವಾಮಿ. ಹೋದ ವರ್ಷ ಹಜಾರದ ಎರಡು ಕಂಚಿನ ದೀಪ ಪಾಲಿಶ್ ಮಾಡ್ಸೋಕೆ ಅಂತ ಪೇಟೆಗೆ ಹೋದ್ವು. ತಿರುಗಿ ಬಂದ ದೀಪ ಕೈಲಿ ಹಿಡಿದ್ರೆ ಹಗುರ. ಎಲೆಯ ನರಗಳೇ ಇಲ್ಲ. ನಾನು ಆ ಎಲೆಗಳ ಚಿತ್ರ ಬರೆದೋನು, ನನಗೆ ಗೊತ್ತಾಗಲ್ವಾ? ಬಂದದ್ದು ನಕಲಿ. ಬಂಗಲೆ ಆಫೀಸಿನಲ್ಲಿ ಹೇಳಿದೆ, ವಯಸ್ಸಾಯ್ತು ಮೇಷ್ಟ್ರೇ, ಕಣ್ಣು ತೋರಿಸ್ಕೊಳ್ಳಿ ಅಂದ್ರು. ನಾಳೆ ಸೋಮವಾರ ಸಿಂಹಮುಖ ಪಾಲಿಶ್‌ಗೆ ಹೋಗೋದಿತ್ತು. ನನಗೆ ನಿದ್ದೆ ಬರಲಿಲ್ಲ."

"ಮಂಟಪದ ಕೀಲಿ?"

"ಸಿಂಹದ ಕಿವಿ ಒರೆಸಬೇಕು ಅಂತ ಇವಳ ಭಾವನ್ನ ಕೇಳಿದೆ. ಕೊಟ್ಟು ಊಟಕ್ಕೆ ಹೋದ್ರು."

ಇನ್ಸ್‌ಪೆಕ್ಟರ್ ತಲೆ ಕೆರೆದುಕೊಂಡ. "ಹಾಗಾದ್ರೆ ಕೀಲಿ ನಿಮ್ಮ ಕೈಗೆ ಕೊಟ್ಟೆ ಅಂತ ಆಯಪ್ಪ ನನಗೆ ಯಾಕೆ ಹೇಳಲಿಲ್ಲ? ಒಂದು ಮಾತು ಹೇಳಿದ್ರೆ ನಿನ್ನೆನೇ ಮನೆಗೆ ಹೋಗ್ತಿದ್ರು."

"ಅದೇ ನನ್ನನ್ನ ಕೊಲ್ತಾ ಇರೋದು," ಎಂದರು ಮೇಷ್ಟ್ರು. ಕಣ್ಣು ತುಂಬಿತ್ತು. "ನನ್ನ ಹೆಸರು ಕೆಡಬಾರದು ಅಂತ ಬಾಯಿಗೆ ಬೀಗ ಹಾಕ್ಕೊಂಡು ಕೂತಿದಾರೆ. ಸಂಜೆ ಒಳಗೆ ನಾನೇ ಬಂದು ಒಪ್ಕೋಬೇಕು ಅಂತಿದ್ದೆ. ಕಾಲು ಬರಲಿಲ್ಲ."

ಡಾಕ್ಟರಮ್ಮ ಕಣ್ಣೊರೆಸಿಕೊಂಡಳು. ಎಂಥ ಭಾವ! ತಮ್ಮ ಮನೆ ಮುಳುಗಿದರೂ ಸ್ನೇಹಿತನ ಹೆಸರು ಹೇಳದ ಮನುಷ್ಯ! ಈಗಲೇ ಓಡಿಹೋಗಿ ಅಕ್ಕನನ್ನು ತಬ್ಬಿಕೊಂಡು ಹೇಳಬೇಕು ಅನ್ನಿಸಿತು.

"ಆ ದೀಪಗಳನ್ನ ಪಾಲಿಶ್‌ಗೆ ತಗೊಂಡು ಹೋಗಿದ್ದು ಯಾರು?" ಇನ್ಸ್‌ಪೆಕ್ಟರ್ ಕೇಳಿದ.

"ಇನ್ಯಾರು, ಇವಳ ಭಾವನೇ, ವ್ಯಾನಿನಲ್ಲಿ. ಪಾಪ, ಹೇಳಿದ ಕೆಲಸ ಮಾಡೋರು," ಎಂದರು ಮೇಷ್ಟ್ರು.

"ಅದೆಲ್ಲ ಆಮೇಲೆ!" ಡಾಕ್ಟರಮ್ಮನಿಗೆ ತಡೆಯಲಾಗಲಿಲ್ಲ. "ಮೊದ್ಲು ಸಿಂಹ ತೆಗೀರಿ. ಸಿಂಹ ಸಿಕ್ಕಿದ ಕೂಡಲೇ ಭಾವನ್ನ ಬಿಡ್ತೀನಿ ಅಂತ ಇಲ್ಲೇ ಹೇಳಿ ಇನ್ಸ್‌ಪೆಕ್ಟ್ರೇ, ಎಲ್ಲರ ಮುಂದೆ."

"ಸಿಂಹ ಕಣ್ಣಿಗೆ ಬಿದ್ರೆ ನಾನೇ ಜೀಪಲ್ಲಿ ಕರ್ಕೊಂಡು ಬಂದು ಮನೆಗೆ ಬಿಡ್ತೀನಿ. ಸಾಕಾ?"

* * *

ತೇಪೆ ಒಡೆಯಲು ಕಂಡಕ್ಟರ್ ಸುತ್ತಿಗೆ ಹಿಡಿದು ಬಂದಿದ್ದರು. ಮೇಷ್ಟ್ರು ಅಪರಾಧಿ ಎಂಬುದನ್ನೂ ಮರೆತು ಅವರ ಮೇಲೆ ಹರಿಹಾಯ್ದರು. "ಸುತ್ತಿಗೆ ಮುಟ್ಟಿದ್ರೆ ಕೈ ಮುರೀತೀನಿ! ಅಕ್ಕಪಕ್ಕದ ಹಳೇ ಗಾರೆ ಅಲ್ಲಾಡುತ್ತೆ. ಡಾಕ್ಟರಮ್ಮ ತೆಗೀಲಿ, ಅವಳ ಕೈ ಹಗುರ."

ಫೋಟೋದವನನ್ನೂ ಕಂಡಕ್ಟರನ್ನೂ ಇನ್ಸ್‌ಪೆಕ್ಟರ್ ಮೆಟ್ಟಿಲ ಮೇಲೇ ನಿಲ್ಲಿಸಿದ. ಡಾಕ್ಟರಮ್ಮ ಕೊಕ್ಕೆಯಿಂದ ತೇಪೆಯ ಅಂಚನ್ನು ಬಿಡಿಸುತ್ತಾ ಹೋದಳು. ಪ್ರತಿ ಸಲ ಎಳೆದಾಗಲೂ ಮೊಣಕೈ ಚಳಕ್ ಎನ್ನುತ್ತಿತ್ತು, ಆದರೆ ಈಗ ನೋವಿನ ಗೊಡವೆ ಯಾರಿಗೆ? ಗಾರೆ ಮೊಸರಿನ ಕೆನೆಯಂತೆ ಹಾಳೆಯಾಗಿ ಬಂತು. ಹಿಂದೆ ಇಟ್ಟಿಗೆ. ಒಂದು ಇಟ್ಟಿಗೆ ಅಲ್ಲಾಡಿತು.

"ಬಿರುಕು ಎಲ್ಲಿದೆ ತೋರ್ಸು," ಎಂದು ಮೇಷ್ಟ್ರು ಹಿಂದಿನಿಂದ ಗೊಣಗಿದರು.

"ಒಂದೂ ಇಲ್ಲ ಮೇಷ್ಟ್ರೇ. ನಿಮ್ಮನ್ನ ಕೆರಳಿಸೋಕೆ ಅಂದೆ."

"ನನಗೆ ಗೊತ್ತಿತ್ತು," ಎಂದರು ಮೇಷ್ಟ್ರು, ಮತ್ತು ಅಷ್ಟು ಕಷ್ಟದಲ್ಲೂ ಅವರ ಮುಖ ಅರಳಿತು.

ಇಟ್ಟಿಗೆ ಈಚೆ ಬಂತು. ಇನ್ನೊಂದು ಬಂತು. ಡಾಕ್ಟರಮ್ಮ ಟಾರ್ಚನ್ನು ಒಳಗೆ ಬಿಟ್ಟಳು.

ಗೂಡು ಖಾಲಿಯಿತ್ತು.

"ಇಲ್ಲಿಲ್ಲ," ಎಂದಳು.

ಮೇಷ್ಟ್ರು ಅವಳನ್ನು ಪಕ್ಕಕ್ಕೆ ತಳ್ಳಿ ಎರಡೂ ಕೈ ಒಳಗೆ ಹಾಕಿ ತಡಕಾಡಿದರು. ಈಚೆ ತೆಗೆದಾಗ ಕೈಯಲ್ಲಿದ್ದದ್ದು ಸಿಂಹಕ್ಕೆ ಸುತ್ತಿದ್ದ ಕಂಬಳಿಯ ತುಂಡೊಂದೇ. ಅವರ ಮುಖದಲ್ಲಿ ರಕ್ತವಿರಲಿಲ್ಲ. "ಇಲ್ಲೇ ಇಟ್ಟಿದ್ದೆ. ನನ್ನ ಮೊಮ್ಮಕ್ಕಳಾಣೆಗೂ ಇಲ್ಲೇ ಇಟ್ಟಿದ್ದೆ! ಈ ತೇಪೆ ನನ್ನದೇ, ಯಾರೂ ಮುಟ್ಟಿಲ್ಲ. ಮುಟ್ಟದೆ ಹೇಗೆ ಹೋಯ್ತು?"

ಇನ್ಸ್‌ಪೆಕ್ಟರ್ ಟಾರ್ಚ್ ಕಿತ್ತುಕೊಂಡು ಬಗ್ಗಿದ. ಬಹಳ ಹೊತ್ತು ನೋಡಿದ.

"ಮುಂದಿನಿಂದ ಹೋಗಿಲ್ಲ," ಎಂದ. "ಹಿಂದಿನಿಂದ ಹೋಗಿದೆ. ಗೂಡಿನ ಬೆನ್ನಿನ ಇಟ್ಟಿಗೆ ಕಿತ್ತಿದಾರೆ. ಆ ಕಡೆ ಏನೋ ಮರದ ಹಲಗೆ ಅಡ್ಡ ಇಟ್ಟಿದಾರೆ. ಡಾಕ್ಟ್ರೇ, ಈ ಗೋಡೆಯ ಆ ಕಡೆ ಏನಿದೆ?"

ಡಾಕ್ಟರಮ್ಮ ಮನಸ್ಸಿನಲ್ಲೇ ಗೋಡೆ ಸುತ್ತಿ ಆ ಕಡೆಗೆ ಹೋದಳು. ಬಂಗಲೆಯ ಹಿಂದೆ ನೆಲ ಇಳಿಜಾರು. ಮೇಲಿನಿಂದ ನೋಡಿದರೆ ನೆಲಮಾಳಿಗೆ. ಅದೇ ಮಟ್ಟದಲ್ಲಿ, ಇದೇ ಗೋಡೆಗೆ ಬೆನ್ನು ಹಚ್ಚಿ, ಒಂದು ಪುಟ್ಟ ಮನೆ. ಆ ಮನೆಯಲ್ಲಿ ಒಂದು ಕತ್ತಲೆ ಉಗ್ರಾಣ, ಇಲ್ಲಿ ಇಟ್ಟಿಗೆ ಇಟ್ಟರೆ ಅಲ್ಲಿಗೆ ಸದ್ದು ಕೇಳುವಷ್ಟು ಹತ್ತಿರ. ಉಗ್ರಾಣದಲ್ಲಿ, ಕಿಟಕಿಯ ಪಕ್ಕ ಇರಬೇಕಾಗಿದ್ದ ಒಂದು ಬೀರು. ಅವಳ ಕೈ ತಾನಾಗಿಯೇ ಮೊಣಕೈ ಮುಟ್ಟಿ ನೋಡಿಕೊಂಡಿತು.

"ಏನೋ ಹಳೇ ಕೊಠಡಿ ಇರ್ಬೇಕು," ಎಂದಳು. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ನೋವಾಗಲ್ಲ ಎಂಬ ಒಂದು ಸುಳ್ಳನ್ನು ಬಿಟ್ಟು.

ಇನ್ಸ್‌ಪೆಕ್ಟರ್ ಅವಳ ಮುಖವನ್ನೇ ನೋಡಿದ. ಆಮೇಲೆ ಸೊಂಟದಿಂದ ಕೀಲಿಗೊಂಚಲು ಬಿಚ್ಚಿ, ಗೂಡಿನೊಳಗೆ ಭುಜದವರೆಗೂ ಕೈ ಚಾಚಿ, ಹಲಗೆಯನ್ನು ಅದರಿಂದಲೇ ತಟ್ಟಿದ. ಝಣ್ ಝಣ್. ಟಕ್ ಟಕ್.

ಆ ಕಡೆ ಪಾತ್ರೆಯೊಂದನ್ನು ಅವಸರದಲ್ಲಿ ಕೆಳಗಿಟ್ಟ ಸದ್ದು. ಬರಿಗಾಲಿನ ಹೆಜ್ಜೆ ಓಡಿಬಂತು. ಬೀರು ನೆಲಕ್ಕೆ ಉಜ್ಜಿ ಕಿರ್ ಎಂದು ಒಂದಿಷ್ಟು ಸರಿಯಿತು, ಗೂಡಿನೊಳಗೆ ಬೆಳಕಿನ ಸಣ್ಣ ಗೆರೆ ಬಿತ್ತು. ಇನ್ಸ್‌ಪೆಕ್ಟರ್ ತುಟಿಯ ಮೇಲೆ ಬೆರಳಿಟ್ಟು ಡಾಕ್ಟರಮ್ಮನತ್ತ ತಿರುಗಿದ.

"ರೀ, ಬಂದ್ರಾ? ಬಿಟ್ಬಿಟ್ರಾ ನಿಮ್ಮನ್ನ?" ಅಕ್ಕನ ದನಿ, ಪಿಸುಮಾತಿನಲ್ಲಿ, ಆತುರದಲ್ಲಿ. "ಮೆತ್ತಗೆ ಮಾತಾಡಿ. ತಂಗಿ ಇನ್ನೂ ಹೋಗಿಲ್ಲ. ಪುಣ್ಯಕ್ಕೆ ಅವಳಿಗೆ ಏನೂ ಗೊತ್ತಾಗಿಲ್ಲ."